ಗಿರಣಿಯ ಗಂಟೆಯ ನಾಡಿನಲ್ಲಿ ಒಂದು ವಾರ

ಸೋಮವಾರ, ಮ್ಯಾಂಚೆಸ್ಟರ್

ಆಧುನಿಕ ಪಶ್ಚಿಮದ ಬದುಕನ್ನು ಬದಲಿಸಿದ ಯಂತ್ರಗಳಲ್ಲಿ ಹಲವು ಇಂಗ್ಲೆಂಡಿನ ವಾಯವ್ಯ ಭಾಗದ ಕೆಲವೇ ಮೈಲಿಗಳ ಸುತ್ತಳತೆಯಲ್ಲಿ ಮೊದಲು ದುಡಿಮೆಗೆ ಇಳಿದವು. ಅವುಗಳ ಕುರಿತು ಓದಿದಾಗಲೆಲ್ಲ ನನ್ನನ್ನು ಕಾಡುತ್ತಿದ್ದುದು ಒಂದೇ ಪ್ರಶ್ನೆ: ಬಟ್ಟೆ ಅಗ್ಗವಾಯಿತು, ಪ್ರಯಾಣ ಸುಲಭವಾಯಿತು, ಸರಿ, ಆದರೆ ಅಲ್ಲಿಯ ಜನರ ಬೆಳಗು, ಸಂಜೆ, ವಾರ, ಬಿಡುವು ಏನಾದವು? ಇದನ್ನು ಆ ಊರುಗಳಲ್ಲೇ ತಿರುಗಾಡಿ ತಿಳಿಯಬೇಕೆಂದು ಸೆಪ್ಟೆಂಬರ್ ತಿಂಗಳ ಒಂದು ವಾರವನ್ನು ಮೀಸಲಿಟ್ಟು ಮ್ಯಾಂಚೆಸ್ಟರಿಗೆ ಬಂದೆ. ನನ್ನ ತಂಗಿಯ ಮಗಳು ಇಲ್ಲಿಯೇ ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ವಸತಿಯ ಚಿಂತೆ ಇರಲಿಲ್ಲ.

ಊರ ನಡುವಿನ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಮೊದಲು ಹೋದೆ. ಒಂದು ಕಾಲಕ್ಕೆ ಜಗತ್ತಿನ ಹತ್ತಿ ಮತ್ತು ಬಟ್ಟೆಯ ದರ ಕುದುರುತ್ತಿದ್ದ ಈ ವಿಶಾಲ ಸಭಾಂಗಣದಲ್ಲಿ 1968ರಲ್ಲಿ ವ್ಯವಹಾರ ನಿಂತಿತು. 1976ರಿಂದ ಇದೇ ಅಂಗಳದಲ್ಲಿ ರಂಗಮಂದಿರ ನಡೆಯುತ್ತಿದೆ. ಹಳೆಯ ನೆಲ ಅಷ್ಟು ಭಾರ ತಾಳಲಾರದೆಂದು ಉಕ್ಕು ಮತ್ತು ಗಾಜಿನ ಆ ರಂಗಮಂದಿರವನ್ನು ಸುತ್ತಲಿನ ದಪ್ಪ ಕಂಬಗಳಿಗೆ ತೂಗುಹಾಕಿದ್ದಾರೆ. ತಲೆ ಎತ್ತಿದರೆ ಎತ್ತರದ ಫಲಕದಲ್ಲಿ ವ್ಯಾಪಾರದ ಕೊನೆಯ ದಿನದ ದರಗಳು ಹಾಗೆಯೇ ಉಳಿದಿವೆ. ಅವುಗಳನ್ನು ಓದುತ್ತ ನಿಂತಾಗ ಧಾರವಾಡ ಸೀಮೆಯ ಕರಿಮಣ್ಣು ನೆನಪಾದುದಕ್ಕೆ ಕಾರಣವಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಸೀಮೆಯಾದ ಲ್ಯಾಂಕಾಶೈರಿನ ಲಕ್ಷಾಂತರ ಜನ ಕೆಲಸವಿಲ್ಲದೆ ಪರಿಹಾರದ ಗಂಜಿಗೆ ಕೈಯೊಡ್ಡಬೇಕಾಯಿತು, ಇಲ್ಲಿಯ ಗಿರಣಿ ಮಾಲೀಕರು ಹತ್ತಿಗಾಗಿ ಹುಡುಕಿದ ಸೀಮೆಗಳಲ್ಲಿ ನಮ್ಮದೂ ಒಂದಾಗಿತ್ತು. ಅಮೆರಿಕದ ತಳಿಯಿಂದ ನಮ್ಮ ಹೊಲಗಳಲ್ಲಿ ಬೆಳೆದ ಹತ್ತಿಗೆ ‘ಧಾರವಾಡ ಅಮೆರಿಕನ್’ ಎಂದೇ ಇಲ್ಲಿಯ ಪೇಟೆಯಲ್ಲಿ ಹೆಸರಿತ್ತು, ಅದನ್ನು ಹಡಗಿಗೇರಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯವೂ ಇದೇ ಊರಿನಿಂದ ಹೊರಟಿತ್ತು.

ಮಧ್ಯಾಹ್ನ ಪೀಟರ್‌ಲೂ ಸ್ಮಾರಕದ ಮೆಟ್ಟಿಲುಗಳ ಮೇಲೆ ಕುಳಿತೆ. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಇಲ್ಲಿ ಸುಮಾರು ಅರವತ್ತು ಸಾವಿರ ಜನ ಸೇರಿದ್ದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದಾಗ ಹದಿನೆಂಟು ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಆ ದಿನ ಸೋಮವಾರ. ಕೆಲಸದ ದಿನವೊಂದರಲ್ಲಿ ಅಷ್ಟು ಜನ ಹೇಗೆ ಬಂದರು ಎಂದು ಕೇಳಿಕೊಂಡರೆ ಹಳೆಯ ಜೀವನಕ್ರಮ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡಿದ್ದ ನೇಕಾರ ತನ್ನ ವಾರದ ಯಜಮಾನ ತಾನೇ ಆಗಿದ್ದ. ಭಾನುವಾರದ ಹಿಂದೆಯೇ ಸೋಮವಾರವನ್ನೂ ಬಿಡುವಾಗಿ ಕಳೆದು, ಬುಧವಾರದ ಹೊತ್ತಿಗೆ ಕೈ ಚುರುಕು ಮಾಡಿ, ಶುಕ್ರವಾರ ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ನೇಯ್ದು ಮುಗಿಸುವುದು ಅವನ ರೂಢಿಯಾಗಿತ್ತು. ಈ ಬಿಡುವಿಗೆ ‘ಸಂತ ಸೋಮವಾರ’ ಎಂದು ಹೆಸರಿಟ್ಟಿದ್ದರು. ಗಿರಣಿ ಮೊದಲು ನುಂಗಿದ್ದು ಈ ಸೋಮವಾರವನ್ನೇ.

ಮಂಗಳವಾರ, ಸ್ಟೈಯಲ್

ಮ್ಯಾಂಚೆಸ್ಟರಿನ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಸ್ಟೈಯಲ್ ಎಂಬ ಹಳ್ಳಿಯಲ್ಲಿ ಬಾಲಿನ್ ನದಿಯ ದಂಡೆಯ ಮೇಲೆ ಕ್ವಾರಿ ಬ್ಯಾಂಕ್ ಗಿರಣಿ ಇದೆ. ಸ್ಯಾಮ್ಯುಯೆಲ್ ಗ್ರೆಗ್ ಇದನ್ನು 1784ರಲ್ಲಿ ಕಟ್ಟಿಸಿದ. ಅವನ ಕುಟುಂಬಕ್ಕೆ ಕೆರಿಬಿಯನ್ನಿನ ಡೊಮಿನಿಕಾ ದ್ವೀಪದಲ್ಲಿ ಗುಲಾಮರು ದುಡಿಯುವ ತೋಟಗಳೂ ಇದ್ದವು. ಕಾಡು, ಹೊಳೆ, ಕೆಂಪು ಇಟ್ಟಿಗೆಯ ಐದಂತಸ್ತಿನ ಕಟ್ಟಡ, ಅದರ ನೆತ್ತಿಯ ಮೇಲೆ ಗಂಟೆ: ದೂರದಿಂದ ನೋಡಿದರೆ ಮಠದಂತೆ ಕಾಣುತ್ತದೆ.

ಒಳಗೆ ನೂಲುವ ‘ಮ್ಯೂಲ್’ ಯಂತ್ರವನ್ನು ನಮ್ಮೆದುರು ನಡೆಸಿ ತೋರಿಸಿದರು. ನೂರಾರು ಕದಿರುಗಳನ್ನು ಹೊತ್ತ ಉದ್ದನೆಯ ಬಂಡಿ ಹಳಿಗಳ ಮೇಲೆ ಹಿಂದಕ್ಕೆ ಸರಿಯುತ್ತ ಎಳೆಯನ್ನು ಜಗ್ಗಿ ಹುರಿಗೊಳಿಸುತ್ತದೆ, ಮತ್ತೆ ಮುಂದಕ್ಕೆ ಬರುತ್ತ ಆ ನೂಲನ್ನು ಸುತ್ತಿಕೊಳ್ಳುತ್ತದೆ. ಬಂಡಿ ಹಿಂದೆ ಸರಿದಾಗ ಯಂತ್ರದ ಅಡಿಯಲ್ಲಿ ತೆರೆದುಕೊಳ್ಳುವ ಜಾಗಕ್ಕೆ ಒಬ್ಬ ಮಗು ನುಸುಳಿ, ಬಿದ್ದ ಹತ್ತಿಯ ಧೂಳನ್ನು ಬಾಚಿ, ಬಂಡಿ ಮರಳುವ ಮೊದಲು ಹೊರಗೆ ಬರಬೇಕಾಗಿತ್ತು. ನಡೆಸುತ್ತಿದ್ದವರು ನೆಲದ ಆ ಕಿರಿದಾದ ಸಂದನ್ನು ಕೈಯಿಂದ ತೋರಿಸಿದರು. ನನ್ನ ಮೊಳಕಾಲಿನ ಎತ್ತರವೂ ಅದಕ್ಕಿರಲಿಲ್ಲ. ಕೆಲವು ಕ್ಷಣ ಆ ಬಂಡಿಯ ಲಯವನ್ನೇ ನೋಡುತ್ತ ನಿಂತೆ. ಮಗುವಿನ ಉಸಿರು ಯಂತ್ರದ ಗತಿಗೆ ಹೊಂದಿಕೊಳ್ಳಬೇಕಾಗಿದ್ದ ರೀತಿ ಯಾವ ಪುಸ್ತಕದ ವಿವರಣೆಗಿಂತಲೂ ಹೆಚ್ಚು ಸ್ಪಷ್ಟವಾಗಿ ಅಲ್ಲಿ ತಿಳಿಯಿತು.

ಅನಾಥಾಲಯಗಳಿಂದ, ಬಡವರ ಆಶ್ರಯಗಳಿಂದ ತಂದ ಮಕ್ಕಳು ಹತ್ತಿರದ ‘ಅಪ್ರೆಂಟಿಸ್ ಹೌಸ್’ನಲ್ಲಿ ಇರುತ್ತಿದ್ದರು; ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಆರು ದಿನ ದುಡಿಯುತ್ತಿದ್ದರು. ಅಲ್ಲಿ ವೈದ್ಯರ ಭೇಟಿ ಇತ್ತು, ತೋಟದ ತರಕಾರಿ ಇತ್ತು, ಅಷ್ಟಿಷ್ಟು ಓದುಬರಹವೂ ಇತ್ತು ಎಂಬುದನ್ನು ಮಾರ್ಗದರ್ಶಿ ಸರಿಯಾಗಿಯೇ ನೆನಪಿಸಿದರು. ಆದರೂ 1806ರಲ್ಲಿ ಥಾಮಸ್ ಪ್ರೀಸ್ಟ್ಲಿ, ಜೋಸೆಫ್ ಸೆಫ್ಟನ್ ಎಂಬ ಇಬ್ಬರು ಹುಡುಗರು ತಾಯಂದಿರನ್ನು ನೋಡಬೇಕೆಂದು ಇಲ್ಲಿಂದ ಓಡಿ ಲಂಡನ್ನಿಗೆ ನಡೆದೇ ಹೋದರು. ಯಂತ್ರಕ್ಕೆ ಒಂದು ಬೆರಳನ್ನು ಕಳೆದುಕೊಂಡಿದ್ದ ಥಾಮಸ್ ನ್ಯಾಯಾಧೀಶರ ಮುಂದೆ ಕೊಟ್ಟ ಹೇಳಿಕೆ ಇಂದಿಗೂ ಉಳಿದಿದೆ.

ನೀರಿನ ಚಕ್ರದ ಕೋಣೆಯಲ್ಲಿ ನಾನು ಬಹಳ ಹೊತ್ತು ಕಳೆದೆ. ನದಿ ಸೊರಗಿದರೆ ಚಕ್ರ ನಿಧಾನವಾಗುತ್ತದೆ, ಚಕ್ರ ನಿಧಾನವಾದರೆ ಉತ್ಪಾದನೆ ಕುಗ್ಗುತ್ತದೆ. ಆ ನಷ್ಟವನ್ನು ಯಾರು ಹೊರಬೇಕು? ಇಲ್ಲಿಂದ ದೂರವಲ್ಲದ ಮ್ಯಾಕಲ್ಸ್‌ಫೀಲ್ಡ್ ಊರಿನ ಪಾರ್ಕ್ ಗ್ರೀನ್ ರೇಷ್ಮೆ ಗಿರಣಿಯಲ್ಲಿ 1810ರ ಸುಮಾರಿಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖಗಳಿದ್ದ ಗಡಿಯಾರವನ್ನು ಇಟ್ಟಿದ್ದರು. ಒಂದು ಮುಖ ಲೋಕದ ಹೊತ್ತನ್ನು ತೋರಿಸಿದರೆ, ನೀರಿನ ಚಕ್ರಕ್ಕೆ ಜೋಡಿಸಿದ್ದ ಇನ್ನೊಂದು ಮುಖ ಗಿರಣಿಯ ಹೊತ್ತನ್ನು ತೋರಿಸುತ್ತಿತ್ತು. ಮಳೆಯಿಲ್ಲದೆ ಚಕ್ರ ಕುಂಟಿದರೆ ಗಿರಣಿಯ ಮುಳ್ಳೂ ಕುಂಟುತ್ತಿತ್ತು. ಹೊರಗೆ ಕತ್ತಲಾದರೂ ಒಳಗಿನ ಗಡಿಯಾರದಲ್ಲಿ ಸಂಜೆಯಾಗುವವರೆಗೆ ಕೆಲಸಗಾರರು ನಿಂತೇ ಇರಬೇಕಾಗಿತ್ತು. ಹೊಳೆಯ ಕೊರತೆಯನ್ನು ಕೂಲಿಯವರ ಆಯುಷ್ಯದಿಂದ ತುಂಬಿಕೊಂಡ ಈ ಲೆಕ್ಕಾಚಾರದಷ್ಟು ನಿಷ್ಠುರವಾದ ವಸ್ತು ಆ ಯುಗದ್ದು ಇನ್ನೊಂದಿರಲಾರದು ಎಂದು ನನಗನಿಸುತ್ತದೆ. ನಮ್ಮ ಗೋಕಾಕ ಫಾಲ್ಸಿನ ಗಿರಣಿ 1887ರಲ್ಲಿ ಘಟಪ್ರಭೆಯ ಧುಮುಕುವ ನೀರಿನ ಬಲದಿಂದಲೇ ಶುರುವಾದದ್ದು, ಅದರ ಭೋಂಗಾ ಸುತ್ತಲಿನ ಊರುಗಳ ಹೊತ್ತನ್ನು ಅಳೆಯುತ್ತಿದ್ದುದು ನನ್ನ ಹಿರಿಯರ ಮಾತುಗಳಿಂದ ಗೊತ್ತು. ತಂತ್ರದ ಜೊತೆಗೆ ಶಿಸ್ತೂ ಸಮುದ್ರ ದಾಟಿ ಬಂದಿತ್ತು.

ಬುಧವಾರ, ಲಿವರ್‌ಪೂಲ್ ದಾರಿ

ಮ್ಯಾಂಚೆಸ್ಟರಿನ ಲಿವರ್‌ಪೂಲ್ ರಸ್ತೆಯ ನಿಲ್ದಾಣ 1830ರ ಸೆಪ್ಟೆಂಬರ್ 15ರಂದು ಶುರುವಾಯಿತು. ಉಗಿ ಎಂಜಿನ್ನುಗಳನ್ನೇ ನಂಬಿ, ಜೋಡಿ ಹಳಿಯ ಮೇಲೆ, ವೇಳಾಪಟ್ಟಿಯ ಪ್ರಕಾರ ಎರಡು ನಗರಗಳ ನಡುವೆ ಜನರನ್ನು ಸಾಗಿಸಿದ ಮೊದಲ ಮಾರ್ಗದ ಕೊನೆಯ ನಿಲ್ದಾಣವಿದು. ಈಗ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದ ಭಾಗ. ಪ್ರಥಮ ದರ್ಜೆಯ ಬಾಗಿಲ ಮೇಲೆ ಸೂರ್ಯಗಡಿಯಾರವೊಂದು ಇರುವುದನ್ನು ನೋಡಿ ನಿಂತುಬಿಟ್ಟೆ. ಊರೂರಿಗೂ ಸೂರ್ಯ ಬೇರೆ ಬೇರೆ ಹೊತ್ತಿಗೆ ನೆತ್ತಿಗೇರುತ್ತಾನೆ: ಮ್ಯಾಂಚೆಸ್ಟರಿನ ನಡುಹಗಲು ಲಂಡನ್ನಿಗಿಂತ ಸುಮಾರು ಒಂಬತ್ತು ನಿಮಿಷ ತಡ, ಲಿವರ್‌ಪೂಲಿನದು ಹನ್ನೆರಡು ನಿಮಿಷ ತಡ. ಕುದುರೆಗಾಡಿಯ ಕಾಲಕ್ಕೆ ಈ ಅಂತರ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಒಂದೇ ಹಳಿಯ ಮೇಲೆ ಹಲವು ರೈಲುಗಳು ಓಡತೊಡಗಿದಾಗ ಹತ್ತು ನಿಮಿಷದ ಗೊಂದಲವೆಂದರೆ ಸಾವಿನ ಮಾತು. ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿ ಲಂಡನ್ ವೇಳೆಯನ್ನೇ ತನ್ನ ನಿಲ್ದಾಣಗಳಿಗೆಲ್ಲ ಜಾರಿಗೆ ತಂದಿತು. 1847ರ ಹೊತ್ತಿಗೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಊರುಗಳು ಮಾತ್ರ ಸುಲಭವಾಗಿ ಒಪ್ಪಲಿಲ್ಲ. ಬ್ರಿಸ್ಟಲಿನ ಕಾರ್ನ್ ಎಕ್ಸ್‌ಚೇಂಜ್ ಗಡಿಯಾರಕ್ಕೆ ಊರಿನ ನಿಮಿಷಕ್ಕೊಂದು, ಲಂಡನ್ ನಿಮಿಷಕ್ಕೊಂದು ಎಂದು ಎರಡು ನಿಮಿಷದ ಮುಳ್ಳುಗಳು ಇಂದಿಗೂ ಇವೆ. ಇಡೀ ದೇಶಕ್ಕೆ ಒಂದೇ ವೇಳೆ ಎಂಬ ಕಾನೂನು ಬಂದದ್ದು 1880ರಲ್ಲಿ. ನಮ್ಮಲ್ಲಿಯೂ ರೈಲುಗಳು ಮೊದಲು ಮದ್ರಾಸ್ ವೇಳೆಯನ್ನು ಹಿಡಿದು ಓಡಿದವು, ಬಳಿಕ 1906ರಿಂದ ಭಾರತೀಯ ಪ್ರಮಾಣ ವೇಳೆ ಬಂತು. ಧಾರವಾಡದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡೂವರೆಯ ಆಸುಪಾಸಿಗೆ ಎಂಬುದನ್ನು ನಾವು ಗಮನಿಸುವುದನ್ನೇ ಬಿಟ್ಟಿದ್ದೇವೆ.

ಸಂಗ್ರಹಾಲಯದ ಒಳಗೆ ‘ಬೇಬಿ’ ಎಂಬ ಕಂಪ್ಯೂಟರಿನ ಪ್ರತಿಕೃತಿ ಇದೆ. ತನ್ನೊಳಗಿನ ಎಲೆಕ್ಟ್ರಾನಿಕ್ ಸ್ಮರಣೆಯಲ್ಲಿ ಸಂಗ್ರಹಿಸಿಟ್ಟ ಪ್ರೋಗ್ರಾಂ ಅನ್ನು ನಡೆಸಿದ ಮೊದಲ ಕಂಪ್ಯೂಟರು ಅದು. ಈ ನಗರದ ವಿಶ್ವವಿದ್ಯಾಲಯದಲ್ಲಿ ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಕಟ್ಟಿದ ಆ ಯಂತ್ರ 1948ರ ಜೂನ್ 21ರಂದು ಒಂದು ಸಂಖ್ಯೆಯ, ಆ ಸಂಖ್ಯೆಯನ್ನೇ ಬಿಟ್ಟು, ಅತಿ ದೊಡ್ಡ ಅಪವರ್ತನವನ್ನು ಹುಡುಕಲು 52 ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು ಮೂವತ್ತೈದು ಲಕ್ಷ ಲೆಕ್ಕಗಳನ್ನು ಮಾಡಿತ್ತು. ಕಪಾಟುಗಳ ಸಾಲು, ವಾಲ್ವುಗಳು, ಹಸಿರು ಚುಕ್ಕೆಗಳು ಮಿನುಗುವ ಪುಟ್ಟ ಪರದೆ. ಹೊರಗಿನ ನಿಲ್ದಾಣ ನಿಮಿಷವನ್ನು ಅಮೂಲ್ಯವಾಗಿಸಿತು, ಈ ಕಪಾಟುಗಳು ಸೆಕೆಂಡಿನ ಸಾವಿರದ ಭಾಗವನ್ನೂ ದುಡಿಮೆಗೆ ಹಚ್ಚಿದವು. ಎರಡರ ನಡುವೆ ಕೆಲವೇ ಹೆಜ್ಜೆಗಳ ದೂರ.

ಮಧ್ಯಾಹ್ನದ ರೈಲಿನಲ್ಲಿ ಲಿವರ್‌ಪೂಲಿಗೆ ಹೊರಟೆ. ದಾರಿಯಲ್ಲಿ ಚಾಟ್ ಮಾಸ್ ಎಂಬ ಜೌಗು ಸಿಗುತ್ತದೆ. ಸುರಿದ ಮಣ್ಣನ್ನೆಲ್ಲ ನುಂಗುತ್ತಿದ್ದ ಈ ಬಯಲಿನ ಮೇಲೆ ಜಾರ್ಜ್ ಸ್ಟೀಫನ್‌ಸನ್ ಮತ್ತು ಜೊತೆಗಾರರು ಕುರುಚಲು ಗಿಡ, ರೆಂಬೆಗಳನ್ನು ಹೆಣೆದು ತೆಪ್ಪದಂತೆ ಹಾಸಿ ಹಳಿಯನ್ನು ಎಳೆದರು. ಇಂದಿನ ವಿದ್ಯುತ್ ರೈಲು ಆ ಹಾಸಿನ ಮೇಲೆಯೇ ಓಡುತ್ತದೆ. ಮುಂದೆ ನ್ಯೂಟನ್-ಲೆ-ವಿಲ್ಲೋಸ್ ಹತ್ತಿರ ಸಂಸತ್ ಸದಸ್ಯ ವಿಲಿಯಂ ಹಸ್ಕಿಸನ್ ಅವರ ಸ್ಮಾರಕ ಹಳಿಯ ಪಕ್ಕದಲ್ಲಿದೆ. ಉದ್ಘಾಟನೆಯ ದಿನವೇ ನಡುವೆ ಕೆಳಗಿಳಿದು ಪ್ರಧಾನಿ ವೆಲಿಂಗ್ಟನ್ ಅವರನ್ನು ಮಾತನಾಡಿಸಲು ಹೋದ ಅವರು, ಪಕ್ಕದ ಹಳಿಯಲ್ಲಿ ಬಂದ ‘ರಾಕೆಟ್’ ಎಂಜಿನ್ನಿಗೆ ಸಿಕ್ಕಿ ಅದೇ ರಾತ್ರಿ ತೀರಿಕೊಂಡರು. ಅಷ್ಟು ವೇಗವಾಗಿ ಬರುವ ವಸ್ತುವಿನ ದೂರವನ್ನು ಅಂದಾಜು ಮಾಡುವ ಅಭ್ಯಾಸ ಆಗಿನ್ನೂ ಮನುಷ್ಯರ ಕಣ್ಣಿಗೆ ಬಂದಿರಲಿಲ್ಲ.

ಗುರುವಾರ, ಡಾರ್ವೆನ್

ಬೆಟ್ಟಗಳ ನಡುವಿನ ಈ ಗಿರಣಿ ಊರಿಗೆ ನಾನು ಹೋದದ್ದು ಒಂದು ಛಾಯಾಚಿತ್ರದ ಕಾರಣಕ್ಕೆ. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ, ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕಷ್ಟಕ್ಕೊಳಗಾದ ಲ್ಯಾಂಕಾಶೈರಿನ ಕೆಲಸಗಾರರನ್ನು ಕಾಣಲು ಇಲ್ಲಿಗೆ ಬಂದರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಕೈಯೆತ್ತಿ ಹರ್ಷಿಸುತ್ತಿರುವ ಆ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ತಮ್ಮ ಕೆಲಸಕ್ಕೆ ಕುತ್ತು ತಂದವರನ್ನು ಅವರು ಹಾಗೆ ಬರಮಾಡಿಕೊಂಡದ್ದು ದೊಡ್ಡ ಮನಸ್ಸಿನ ಮಾತು. ಇಲ್ಲಿ ಮೂವತ್ತು ಲಕ್ಷ ಜನರಿಗೆ ಕೆಲಸವಿಲ್ಲದಿದ್ದರೆ ನಮ್ಮಲ್ಲಿ ಮೂವತ್ತು ಕೋಟಿ ಜನ ವರ್ಷದ ಅರ್ಧ ಭಾಗ ಕೈಕಟ್ಟಿ ಕೂರಬೇಕಾಗಿದೆ ಎಂಬರ್ಥದ ಮಾತನ್ನು ಗಾಂಧೀಜಿ ಅವರಿಗೆ ಹೇಳಿದರು. ಆ ಖಾಲಿ ಅರ್ಧ ವರ್ಷಕ್ಕೆ ಅವರ ಉತ್ತರ ಚರಕ. ಸೊಂಟದಲ್ಲಿ ಸದಾ ಗಡಿಯಾರ ಸಿಕ್ಕಿಸಿಕೊಂಡು ನಿಮಿಷ ನಿಮಿಷವನ್ನೂ ಲೆಕ್ಕವಿಟ್ಟ ಆ ಮನುಷ್ಯ ಹೊತ್ತಿನ ಬೆಲೆಯನ್ನು ಗಿರಣಿ ಮಾಲೀಕರಷ್ಟೇ ಬಲ್ಲವರಾಗಿದ್ದರು, ಅದನ್ನು ದುಡಿಯುವವನ ಕೈಯಲ್ಲೇ ಬಿಡಬೇಕೆಂದು ಬಯಸಿದ್ದರು. ಮಳೆ ಬಂದುದರಿಂದ ಹೆಚ್ಚು ತಿರುಗಲಾಗಲಿಲ್ಲ.

ಶುಕ್ರವಾರ, ಹಾರ್ಲ್ ಸೈಕ್

ಬರ್ನ್ಲಿ ಊರಿನ ಅಂಚಿನ ಹಾರ್ಲ್ ಸೈಕ್‌ನಲ್ಲಿರುವ ಕ್ವೀನ್ ಸ್ಟ್ರೀಟ್ ಗಿರಣಿ 1982ರವರೆಗೆ ಉಗಿ ಎಂಜಿನ್ನಿನಿಂದಲೇ ಬಟ್ಟೆ ನೇಯ್ದಿತು. ಈಗ ಸಂಗ್ರಹಾಲಯವಾಗಿದೆ. ಐನೂರು ಅಶ್ವಶಕ್ತಿಯ ಅದರ ಎಂಜಿನ್ನಿನ ಹೆಸರು ‘ಪೀಸ್’. ಮೊದಲ ಮಹಾಯುದ್ಧ ಮುಗಿದ ಮೇಲೆ ಶಾಂತಿಯ ಈ ಹೆಸರಿಟ್ಟರು. ನೇಯ್ಗೆಯ ಅಂಗಳದಲ್ಲಿ ಮುನ್ನೂರಕ್ಕೂ ಹೆಚ್ಚು ಮಗ್ಗಗಳು ಒತ್ತೊತ್ತಾಗಿ ನಿಂತಿವೆ, ಚಾವಣಿಯ ಅಡಿಯಲ್ಲಿ ತಿರುಗುವ ದಂಡಗಳಿಂದ ಒಂದೊಂದು ಮಗ್ಗಕ್ಕೂ ಚರ್ಮದ ಪಟ್ಟಿ ಇಳಿದಿದೆ. ಸಿಬ್ಬಂದಿ ಅವುಗಳಲ್ಲಿ ಕೆಲವನ್ನು ಮಾತ್ರ ಚಾಲೂ ಮಾಡಿದರು. ಲಾಳಿ ಆಚೆ ಈಚೆ ಬಡಿಯುವ ಸದ್ದು ಎದೆಗೂಡಿನಲ್ಲಿ ಮೊಳಗಿತು, ಪಕ್ಕದಲ್ಲಿದ್ದವರು ಏನೋ ಹೇಳಿದ್ದು ತುಟಿಯ ಚಲನೆಯಾಗಿ ಮಾತ್ರ ಕಂಡಿತು.

ಮುನ್ನೂರು ಮಗ್ಗಗಳೂ ಓಡುತ್ತಿದ್ದ ಕಾಲದಲ್ಲಿ ಹೆಂಗಸರು ಮಾತನಾಡುತ್ತಿದ್ದುದು ಹಾಗೆಯೇ: ದನಿಯಿಲ್ಲದೆ, ತುಟಿಗಳನ್ನು ಅಗಲವಾಗಿ ಆಡಿಸಿ, ಮುಖವನ್ನೂ ಕೈಗಳನ್ನೂ ಮಾತಿಗೆ ಹಚ್ಚಿ. ಇದಕ್ಕೆ ‘ಮೀ-ಮಾ’ ಎನ್ನುತ್ತಿದ್ದರು. ಅಂಗಳದ ಆ ತುದಿಯಿಂದ ಈ ತುದಿಗೆ ಮನೆಯ ಸುದ್ದಿ, ಹಾಸ್ಯ, ಸಂಘದ ವಿಷಯಗಳೆಲ್ಲ ಹೀಗೆಯೇ ಸಾಗುತ್ತಿದ್ದವು. ಗಿರಣಿ ಬಿಟ್ಟ ಮೇಲೂ ಆ ಅಭ್ಯಾಸ ಉಳಿದು ಬೀದಿಯ ಎರಡು ಬದಿಗಳಿಂದ ಗೆಳತಿಯರು ಸದ್ದಿಲ್ಲದೆ ಹರಟುತ್ತಿದ್ದರಂತೆ. ಯಂತ್ರ ಕಿವಿಯನ್ನು ಕಿತ್ತುಕೊಂಡಾಗ ಜನ ಕಣ್ಣಿನಿಂದ ಮಾತನಾಡಲು ಕಲಿತರು. ಈ ನಾಡಿನಲ್ಲಿ ನಾನು ಕಂಡ ಬದಲಾವಣೆಗಳಲ್ಲಿ ನನ್ನ ಗೌರವವನ್ನು ಅತಿ ಹೆಚ್ಚು ಗಳಿಸಿದ್ದು ಇದು, ಏಕೆಂದರೆ ಇದನ್ನು ಯಾವ ಮಾಲೀಕನೂ ಯೋಜಿಸಲಿಲ್ಲ, ಯಾವ ಎಂಜಿನಿಯರನೂ ರೂಪಿಸಲಿಲ್ಲ. ಬೆಳಗಿನ ಜಾವದಲ್ಲಿ ಉದ್ದ ಕೋಲಿನಿಂದ ಕಿಟಕಿ ತಟ್ಟಿ ಎಬ್ಬಿಸುವವರಿಗೆ ವಾರಕ್ಕಿಷ್ಟು ಕಾಸು ಕೊಟ್ಟು, ನಿದ್ದೆಗಣ್ಣಿನಲ್ಲಿ ಗಿರಣಿಗೆ ಧಾವಿಸುತ್ತಿದ್ದ ಹೆಂಗಸರೇ ಇದನ್ನು ಕಟ್ಟಿಕೊಂಡರು. ಅವರ ಮಕ್ಕಳಲ್ಲಿ ಅನೇಕರು ಅರ್ಧ ದಿನ ಶಾಲೆಯಲ್ಲಿ, ಅರ್ಧ ದಿನ ಗಿರಣಿಯಲ್ಲಿ ಬೆಳೆದರು. ಆ ಪದ್ಧತಿಯನ್ನು ಕೊನೆಗಾಣಿಸಿದ್ದು 1918ರ ಶಿಕ್ಷಣ ಕಾಯಿದೆ.

ಸಂಜೆ ಮ್ಯಾಂಚೆಸ್ಟರಿಗೆ ಮರಳಿದಾಗ ತಂಗಿಯ ಮಗಳು ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಆರು ಗಂಟೆಗೆ ಕೆಲಸ ಮುಗಿಯಬೇಕಲ್ಲವೇ ಎಂದೆ. “ಮಾಮಾ, ಗಿರಣಿಗೆ ಗೇಟ್ ಇತ್ತು, ಹೊರಗ ಬಂದ್ರ ಮುಗೀತಿತ್ತು. ನಮ್ಮ ಕೆಲಸ ಫೋನಿನೊಳಗ ಐತಿ, ಮನಿಗೂ ಬರತೈತಿ” ಎಂದಳು. ಬೆಂಗಳೂರಿನ ತಂಡ ಮಲಗುವ ಹೊತ್ತಿಗೆ ಅಮೆರಿಕದ ತಂಡ ಏಳುತ್ತದೆ, ನಡುವಿನ ಮ್ಯಾಂಚೆಸ್ಟರಿನವರು ಇಬ್ಬರಿಗೂ ಉತ್ತರಿಸಬೇಕು. ಒಂದೂರಿನ ಸೂರ್ಯನನ್ನು ಬಿಟ್ಟು ದೇಶದ ಗಡಿಯಾರಕ್ಕೆ ಹೊಂದಿಕೊಂಡ ಈ ನಗರದಲ್ಲಿ ಅವಳೀಗ ಮೂರು ಖಂಡಗಳ ಗಡಿಯಾರಗಳಿಗೆ ಹೊಂದಿಕೊಳ್ಳುತ್ತಿದ್ದಾಳೆ.

ಶನಿವಾರ, ಪ್ರೆಸ್ಟನ್

ಕಾನೂನೊಂದು ಆಟವಾಗಿ ಅರಳಿದ್ದನ್ನು ನೋಡಬೇಕಾದರೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಲ್ಯಾಂಕಾಶೈರಿನಲ್ಲಿರಬೇಕು. 1833ರ ಕಾರ್ಖಾನೆ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಹುತೇಕ ಬಟ್ಟೆ ಗಿರಣಿಗಳಿಂದ ಹೊರಗಿಟ್ಟಿತು, 1847ರದು ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿತು. ಮಾಲೀಕರು ಪಾಳಿಗಳನ್ನು ತಿರುಗಿಸಿ ತಪ್ಪಿಸಿಕೊಳ್ಳಲು ನೋಡಿದಾಗ 1850ರ ಕಾಯಿದೆ ಆ ಕಿಂಡಿಯನ್ನು ಮುಚ್ಚಿ, ಶನಿವಾರ ಎರಡು ಗಂಟೆಗೆ ಹೆಂಗಸರ, ಹದಿಹರೆಯದವರ ಕೆಲಸ ನಿಲ್ಲಬೇಕೆಂದು ವಿಧಿಸಿತು. ಹೆಂಗಸರಿಲ್ಲದೆ ಗಿರಣಿ ಓಡದು, ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಕಳೆದುಹೋದ ಸೋಮವಾರಕ್ಕೆ ಪ್ರತಿಯಾಗಿ, ಮೂವತ್ತು ವರ್ಷಗಳ ಸಭೆ, ಮನವಿ, ಮುಷ್ಕರಗಳ ಬಳಿಕ ದೊರೆತದ್ದು ಅರ್ಧ ಶನಿವಾರ. ಎರಡಕ್ಕೆ ಕೆಲಸ ಬಿಟ್ಟು, ಕೈಕಾಲು ತೊಳೆದು, ಏನಾದರೂ ತಿಂದು ಮೈದಾನ ಸೇರುವ ಹೊತ್ತಿಗೆ ಮೂರು ಗಂಟೆ.

1883ರಲ್ಲಿ ನೇಕಾರರು, ನೂಲುವವರು ಇದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಶ್ರೀಮಂತ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಈಟೋನಿಯನ್ಸ್ ತಂಡವನ್ನು 2–1ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಫುಟ್‌ಬಾಲ್ ದುಡಿಯುವವರ ಆಟವಾದದ್ದು ಅಲ್ಲಿಂದ. ಹನ್ನೆರಡು ಕ್ಲಬ್ಬುಗಳ ಲೀಗ್ 1888ರಲ್ಲಿ ಶುರುವಾದಾಗ ಅವುಗಳಲ್ಲಿ ಆರು ಲ್ಯಾಂಕಾಶೈರಿನವು, ಮೊದಲ ವರ್ಷ ಒಂದೂ ಪಂದ್ಯ ಸೋಲದೆ ಗೆದ್ದದ್ದು ಪ್ರೆಸ್ಟನ್. ಆ ಕ್ಲಬ್ಬಿನ ಡೀಪ್‌ಡೇಲ್ ಮೈದಾನದಲ್ಲಿ ನಾನು ಅಜ್ಜ, ಮಗ, ಮೊಮ್ಮಗಳು ಒಂದೇ ಸಾಲಿನಲ್ಲಿ ಕುಳಿತ ಕುಟುಂಬದ ಪಕ್ಕದಲ್ಲಿ ಪಂದ್ಯ ನೋಡಿದೆ. ಗೋಡೆಯ ಮೇಲೆ ಡಿಕ್, ಕೆರ್ ಕಾರ್ಖಾನೆಯ ಹೆಂಗಸರ ತಂಡದ ಸ್ಮಾರಕವಿದೆ. ಯುದ್ಧಕಾಲದಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಅವರ ಆಟಕ್ಕೆ 1920ರ ಬಾಕ್ಸಿಂಗ್ ಡೇ ದಿನ ಲಿವರ್‌ಪೂಲಿನಲ್ಲಿ 53,000 ಜನ ಸೇರಿದ್ದರು. ಮರುವರ್ಷವೇ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳಲ್ಲಿ ಹೆಂಗಸರ ಆಟವನ್ನು ನಿಷೇಧಿಸಿ ಸುಮಾರು ಐವತ್ತು ವರ್ಷ ಆ ಅನ್ಯಾಯವನ್ನು ಮುಂದುವರಿಸಿತು. ನನ್ನ ಪಕ್ಕದ ಮೊಮ್ಮಗಳು ತನ್ನ ಶಾಲೆಯ ತಂಡದಲ್ಲಿ ಆಡುತ್ತಾಳಂತೆ.

ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಯಾವ ಪಂದ್ಯವನ್ನೂ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ ಎಂಬ ನಿಯಮ 1960ರ ದಶಕದಿಂದ ಉಳಿದುಬಂದಿದೆ. ಜನ ಮನೆಯಲ್ಲಿ ಕುಳಿತರೆ ಸಣ್ಣ ಊರುಗಳ ಮೈದಾನ ಬರಿದಾಗುತ್ತದೆಂದು ಅದಕ್ಕಾಗಿ ಗಟ್ಟಿಯಾಗಿ ವಾದಿಸಿದವರು ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್. ದೊಡ್ಡ ಕ್ಲಬ್ಬುಗಳ ಪಂದ್ಯಗಳು ಈಗ ಪ್ರಸಾರಕರ ಅನುಕೂಲಕ್ಕೆ ತಕ್ಕಂತೆ ಶುಕ್ರವಾರ ರಾತ್ರಿಗೂ ಸೋಮವಾರ ರಾತ್ರಿಗೂ ಚದುರಿಹೋಗಿವೆ.

ಭಾನುವಾರ, ಬ್ಲ್ಯಾಕ್‌ಪೂಲ್

ಹಿಂದೆ ಊರ ಚರ್ಚಿನ ಜಾತ್ರೆಯಾಗಿದ್ದ ‘ವೇಕ್ಸ್’ ಗಿರಣಿಯ ಕಾಲದಲ್ಲಿ ವಾರ್ಷಿಕ ರಜೆಯಾಯಿತು. ಒಂದೊಂದು ಊರು ಒಂದೊಂದು ವಾರ ಗಿರಣಿಗಳನ್ನೆಲ್ಲ ಮುಚ್ಚಿ, ಬಾಯ್ಲರ್ ಶುಚಿಮಾಡಿ, ಊರಿಗೆ ಊರೇ ರೈಲು ಹತ್ತಿ ಈ ಸಮುದ್ರತೀರಕ್ಕೆ ಬರುತ್ತಿತ್ತು. ಆ ವಾರದ ಸಂಬಳ ಸಿಗುತ್ತಿರಲಿಲ್ಲ, ಅದಕ್ಕಾಗಿ ವರ್ಷವಿಡೀ ಚೀಟಿಯಂಥ ಉಳಿತಾಯ ಸಂಘಗಳಿಗೆ ಕಾಸು ಕಟ್ಟುತ್ತಿದ್ದರು. ಸಂಬಳಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ. ಅವರನ್ನು ರಂಜಿಸಲು ಇಲ್ಲಿ ತಂತ್ರಜ್ಞಾನ ಹೊಸ ಉಡುಪು ತೊಟ್ಟಿತು: 1879ರಲ್ಲಿ ಕಡಲ ದಂಡೆಯಲ್ಲಿ ಎಂಟು ವಿದ್ಯುತ್ ಆರ್ಕ್ ದೀಪಗಳು, 1885ರಲ್ಲಿ ವಿದ್ಯುತ್ ಟ್ರಾಮು, 1894ರಲ್ಲಿ 518 ಅಡಿಯ ಗೋಪುರ. ವರ್ಷವೆಲ್ಲ ಯಂತ್ರದ ಸೇವೆ ಮಾಡಿದವರು ಒಂದು ವಾರ ಯಂತ್ರದಿಂದ ಸೇವೆ ಮಾಡಿಸಿಕೊಂಡರು. ಗೋಪುರದ ಬಾಲ್‌ರೂಮಿನಲ್ಲಿ ವುರ್ಲಿಟ್ಜರ್ ಆರ್ಗನ್ನಿನ ಸಂಗೀತಕ್ಕೆ ಎಪ್ಪತ್ತು ದಾಟಿದ ದಂಪತಿಗಳು ಹೆಜ್ಜೆ ತಪ್ಪದೆ ಕುಣಿಯುವುದನ್ನು ನೋಡುತ್ತ ಮಧ್ಯಾಹ್ನ ಕಳೆಯಿತು.

ಅಗ್ಗದ ವಿಮಾನಗಳು ಜನರನ್ನು ಸ್ಪೇನಿನ ಬಿಸಿಲಿಗೆ ಕರೆದೊಯ್ದವು, ಗಿರಣಿಗಳು ಮುಚ್ಚಿದ ಮೇಲೆ ವೇಕ್ಸ್ ವಾರಗಳೂ ಕರಗಿದವು. ನಾನು ಇಳಿದುಕೊಂಡ ವಸತಿಗೃಹದ ಒಡತಿ ತಾಯಿಯ ಕಾಲದ ರಿಜಿಸ್ಟರ್ ತೆಗೆದು ತೋರಿಸಿದರು. ಜುಲೈ ತಿಂಗಳ ಒಂದು ಪುಟದಲ್ಲಿ ಎಲ್ಲ ಕೋಣೆಗಳೆದುರೂ ಒಂದೇ ಊರಿನ ಹೆಸರು, ಮುಂದಿನ ವಾರದ ಪುಟದಲ್ಲಿ ಇನ್ನೊಂದು ಊರು. ಅವೇ ಕುಟುಂಬಗಳು ವರ್ಷ ವರ್ಷವೂ ಅದೇ ಕೋಣೆಗಳಿಗೆ ಬರುತ್ತಿದ್ದವು. ಈಗ ಒಂದು ರಾತ್ರಿ, ಎರಡು ರಾತ್ರಿಯ ಬುಕಿಂಗುಗಳು ಮಧ್ಯರಾತ್ರಿಯಲ್ಲಿಯೂ ಅವರ ಫೋನಿಗೆ ಬರುತ್ತವೆ, ಬೇಗ ಉತ್ತರಿಸದಿದ್ದರೆ ಗಿರಾಕಿ ಪಕ್ಕದ ಮನೆಗೆ ಹೋಗುತ್ತಾನೆ. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳು ಸಂಬಳ ಕಡಿತವಿಲ್ಲದೆ ವಾರಕ್ಕೆ ನಾಲ್ಕು ದಿನದ ಕೆಲಸವನ್ನು ಆರು ತಿಂಗಳು ಪ್ರಯೋಗಿಸಿ ನೋಡಿದ್ದನ್ನೂ, ಅವುಗಳಲ್ಲಿ 56 ಅದನ್ನು ಮುಂದುವರಿಸಲು ನಿರ್ಧರಿಸಿದ್ದನ್ನೂ ನಾನು ಪ್ರಸ್ತಾಪಿಸಿದೆ. ಅವರಿಗೆ ಆ ವಿಷಯ ಆಗಲೇ ಗೊತ್ತಿತ್ತು. ಶುಕ್ರವಾರವೂ ರಜೆಯಾದರೆ ಜನ ಗುರುವಾರ ಸಂಜೆಯೇ ಬಂದು ಮೂರು ರಾತ್ರಿ ನಿಲ್ಲುತ್ತಾರೆ, ಹಾಗಾದರೆ ಮೇಲಂತಸ್ತಿನಲ್ಲಿ ವರ್ಷಗಳಿಂದ ಬೀಗ ಹಾಕಿರುವ ಕೋಣೆಗಳನ್ನು ಮತ್ತೆ ತೆರೆಯಬಹುದು ಎಂದು ಲೆಕ್ಕ ಹಾಕಿ, ಅವುಗಳಿಗೆ ಬಣ್ಣ ಹೊಡೆಸುವ ವಿಚಾರವನ್ನು ತಮ್ಮ ಮಗನೊಂದಿಗೆ ಮಾತನಾಡತೊಡಗಿದರು.